ನೀರು ಇಂಗುವವರೆಗೆ: ಪ್ರೊವಾನ್ಸ್ ಸೀಮೆಯ ತರಕಾರಿ ತಿಯಾನ್ ಮನೆಯಲ್ಲೇ ಮಾಡುವ ಸಮಗ್ರ ವಿಧಾನ

ಬದನೆ, ಜುಕಿನಿ, ಟೊಮೆಟೊ ಮೂರನ್ನೂ ಬಿಲ್ಲೆಗಳಾಗಿ ಹೆಚ್ಚಿ, ಒಂದಕ್ಕೊಂದು ಒರಗಿಸಿ ಸಾಲಾಗಿ ನಿಲ್ಲಿಸಿ, ಮೇಲೆ ಆಲಿವ್ ಎಣ್ಣೆ ಸುರಿದು ಓವನ್‌ನಲ್ಲಿ ನಿಧಾನವಾಗಿ ಬೇಯಿಸುವ ಅಡುಗೆಗೆ ತಿಯಾನ್ ಎಂದು ಹೆಸರು. ಇದು ಫ್ರಾನ್ಸಿನ ಆಗ್ನೇಯ ಮೂಲೆಯ ಪ್ರೊವಾನ್ಸ್ ಸೀಮೆಯದು. ಫ್ರೆಂಚರು ಮೂಗಿನಿಂದ ಸ್ವರ ಹೊರಡಿಸಿ ‘ತ್ಯಾಂ’ ಎನ್ನುತ್ತಾರೆ. ಊಟದ ಮುಖ್ಯ ಪದಾರ್ಥದ ಪಕ್ಕದಲ್ಲಿ ಬಡಿಸುವ ತರಕಾರಿ ಇದು. ಬೇಸಿಗೆಯಲ್ಲಿ, ಅಂದರೆ ಅಲ್ಲಿನ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ವಾರಕ್ಕೊಮ್ಮೆಯಾದರೂ ಮಾಡುವ ಮನೆಗಳಿವೆ.

ಎಕ್ಸ್-ಆನ್-ಪ್ರೊವಾನ್ಸ್ ಊರಿನಲ್ಲಿ ಇದ್ದ ದಿನಗಳಲ್ಲಿ ನಾನು ಮೊದಲ ಸಲ ತಿಯಾನ್ ಮಾಡಿದೆ. ಪ್ಲಾಸ್ ರಿಶೆಲ್ಮ್ ಎಂಬ ಚೌಕದಲ್ಲಿ ಮರಗಳ ನೆರಳಿನಡಿ ದಿನವೂ ತರಕಾರಿ ಸಂತೆ ನಡೆಯುತ್ತದೆ. ಅಲ್ಲಿಂದ ಒಳ್ಳೆಯ ತರಕಾರಿ ತಂದು, ಬಹಳ ಹೊತ್ತು ಕುಳಿತು ಬಣ್ಣ ನೋಡಿ ಜೋಡಿಸಿ, 40 ನಿಮಿಷ ಬೇಯಿಸಿ ಹೊರಗೆ ತೆಗೆದೆ. ತೆಳು ಸಾರಿನಂಥ ನೀರಿನಲ್ಲಿ ಬದನೆ ತೇಲುತ್ತಿತ್ತು. ಕೆಳಗಿನ ಮನೆಯ ಹಿರಿಯಾಕೆ ಬಂದು ನೋಡಿದರು. ಚಮಚದ ಹಿಂಬದಿಯಿಂದ ಒಂದು ಬಿಲ್ಲೆಯನ್ನು ಮೆಲ್ಲಗೆ ಒತ್ತಿ, ಮೇಲೆದ್ದ ನೀರನ್ನು ತೋರಿಸಿ, “ಮದಾಮ್, ನಿಮ್ಮ ತರಕಾರಿ ಬೆಂದಿದೆ, ತಿಯಾನ್ ಇನ್ನೂ ಆಗಿಲ್ಲ. ಈ ನೀರು ಹೋಗಲಿ” ಎಂದು ಪಾತ್ರೆಯನ್ನು ತಾವೇ ಮತ್ತೆ ಒಳಗಿಟ್ಟರು. ಇನ್ನೂ 50 ನಿಮಿಷ ಕಾಯಿಸಿದರು. ಆಮೇಲೆ ಹೊರಬಂದದ್ದು ಬೇರೆಯೇ ಪದಾರ್ಥ. ಎತ್ತರ ಅರ್ಧಕ್ಕೆ ಇಳಿದಿತ್ತು, ಅಂಚುಗಳು ಕಂದಾಗಿದ್ದವು, ನೀರಿದ್ದ ಜಾಗದಲ್ಲಿ ಎರಡು ಮೂರು ಚಮಚದಷ್ಟು ಕೆಂಪು ಎಣ್ಣೆ ಮಾತ್ರ ಹೊಳೆಯುತ್ತಿತ್ತು.

ಆ ದಿನದಿಂದ ನಾನು ಈ ಅಡುಗೆಯನ್ನು ನೀರಿನ ಲೆಕ್ಕದಲ್ಲೇ ಯೋಚಿಸುತ್ತೇನೆ. ಟೊಮೆಟೊ ಮತ್ತು ಜುಕಿನಿಯ ತೂಕದಲ್ಲಿ ನೂರಕ್ಕೆ ಸುಮಾರು 95 ಪಾಲು ನೀರು, ಬದನೆಯಲ್ಲಿ ಸುಮಾರು 92 ಪಾಲು. ಕೆಳಗೆ ಕೊಟ್ಟಿರುವ ಅಳತೆಗೆ ಮೂರೂ ತರಕಾರಿ ಸೇರಿ 1350 ಗ್ರಾಂ. ಅಂದರೆ ಪಾತ್ರೆಯಲ್ಲಿ ನೀವು ಜೋಡಿಸುವುದರ ಪೈಕಿ ಒಂದೂಕಾಲು ಲೀಟರಿನಷ್ಟು ನೀರೇ. ಅದರಲ್ಲಿ ದೊಡ್ಡ ಪಾಲು ಹೊರಗೆ ಹೋಗಬೇಕು. ಹೋಗುವ ಮೊದಲು ಅದೇ ನೀರು ಬದನೆಯನ್ನು ಮೆತ್ತಗೆ ಬೇಯಿಸಿ ಕೊಡಬೇಕು. ಹೆಚ್ಚುವ ದಪ್ಪ, ಜೋಡಿಸುವ ಕ್ರಮ, ಮುಚ್ಚುವ ಕಾಗದ, ಓವನ್‌ನ ಕಾವು, ಇವೆಲ್ಲವನ್ನೂ ಈ ಎರಡು ಕೆಲಸಗಳಿಗೆ ತಕ್ಕಂತೆ ಹೊಂದಿಸಿದ್ದೇನೆ.

ಹೆಸರು ಪಾತ್ರೆಯದು

ತಟ್ಟೆ ಇಡ್ಲಿಗೆ ತಟ್ಟೆಯಿಂದ, ಕೊಟ್ಟೆ ಕಡುಬಿಗೆ ಕೊಟ್ಟೆಯಿಂದ ಹೆಸರು ಬಂದ ಹಾಗೆ ತಿಯಾನ್‌ಗೂ ಪಾತ್ರೆಯಿಂದಲೇ ಹೆಸರು ಬಂದಿದೆ. ತಳ ಕಿರಿದು, ಬಾಯಿ ಅಗಲ, ಒಳಮೈಗೆ ಗಾಜಿನಂಥ ಮೆರುಗು ಕೊಟ್ಟ ಮಣ್ಣಿನ ಬೋಗುಣಿ ಅದು. ಹಳೆಯ ಪ್ರೊವಾನ್ಸ್ ಮನೆಗಳಲ್ಲಿ ದೊಡ್ಡ ತಿಯಾನ್‌ಗಳಲ್ಲಿ ಪಾತ್ರೆ ತೊಳೆಯುತ್ತಿದ್ದರು, ಚಿಕ್ಕವುಗಳಲ್ಲಿ ಅಡುಗೆ ಮಾಡುತ್ತಿದ್ದರು. ಮಾರ್ಸೇ ನಗರದ ಪಕ್ಕದ ಓಬಾನ್ಯ, ಕಡಲ ತೀರದತ್ತ ಇರುವ ವಾಲೋರಿಸ್ ಕುಂಬಾರಿಕೆಗೆ ಹೆಸರಾದ ಊರುಗಳು. ಚಿತ್ರಕಾರ ಪಿಕಾಸೊ ಮುಂದೆ ನೆಲೆಸಿ ಮಣ್ಣಿನ ಕೆಲಸ ಮಾಡಿದ ಊರೂ ಈ ವಾಲೋರಿಸ್. ಮನೆಗಳಲ್ಲಿ ಓವನ್ ಇಲ್ಲದ ಕಾಲದಲ್ಲಿ ತುಂಬಿಸಿದ ತಿಯಾನ್ ಅನ್ನು ಊರಿನ ಬೇಕರಿಯ ಭಟ್ಟಿಗೆ ಒಯ್ಯುತ್ತಿದ್ದರು. ಬ್ರೆಡ್ ಹೊರಗೆ ಬಂದ ಮೇಲೆ ಭಟ್ಟಿಯಲ್ಲಿ ಉಳಿಯುವ, ಮೆಲ್ಲನೆ ಆರುತ್ತ ಹೋಗುವ ಕಾವು ಈ ಅಡುಗೆಗೆ ಹೇಳಿ ಮಾಡಿಸಿದಂತಿತ್ತು.

ಪಾತ್ರೆಯಲ್ಲಿ ಬೇಯುವುದೆಲ್ಲವೂ ತಿಯಾನ್ ಆದ್ದರಿಂದ ಬಗೆಗಳು ಹಲವು. ಜುಕಿನಿಗೆ ಅನ್ನ, ಮೊಟ್ಟೆ, ಚೀಸ್ ಬೆರೆಸಿದ್ದೂ ತಿಯಾನ್. ಕ್ರಿಸ್‌ಮಸ್ ಹಿಂದಿನ ರಾತ್ರಿಯ ಊಟದ ಪಾಲಕ್ ಕೂಡ ತಿಯಾನ್. ಬಿಲ್ಲೆಗಳನ್ನು ಬಣ್ಣ ಬಣ್ಣವಾಗಿ ಸಾಲು ನಿಲ್ಲಿಸುವ ಬೇಸಿಗೆಯ ತಿಯಾನ್ ಇವತ್ತು ಹೊರಗಿನವರಿಗೆ ಹೆಚ್ಚು ಗೊತ್ತು.

ಇದನ್ನು ರಾಟಟೂಯಿ ಎಂದು ಕರೆಯುವವರು ಬಹಳ. ರಾಟಟೂಯಿ ನೀಸ್ ನಗರದ ಪಲ್ಯದಂಥ ಅಡುಗೆ. ಅಲ್ಲಿ ತರಕಾರಿಯನ್ನು ಹೋಳುಗಳಾಗಿ ಹೆಚ್ಚಿ, ಒಲೆಯ ಮೇಲೆ ಬೇಯಿಸಿ ಕಲಸುತ್ತಾರೆ. ಗೊಂದಲ ಹಬ್ಬಿದ್ದು 2007ರ ಪ್ರಸಿದ್ಧ ಅನಿಮೇಷನ್ ಚಿತ್ರದಿಂದ. ಅದರಲ್ಲಿ ಆ ಹೆಸರಿನಡಿ ತೋರಿಸಿದ ಸುರುಳಿ ಜೋಡಣೆ ‘ಕಾನ್ಫಿ ಬಯಾಲ್ಡಿ’ ಎಂಬುದು. ಫ್ರೆಂಚ್ ಬಾಣಸಿಗ ಮಿಶೆಲ್ ಗೆರಾರ್ 1976ರಲ್ಲಿ ಪ್ರಕಟಿಸಿದ ಅಡುಗೆಯನ್ನು ಅಮೆರಿಕದ ಥಾಮಸ್ ಕೆಲ್ಲರ್ ಬದಲಿಸಿ ರೂಪಿಸಿದ್ದರು. ತಿಯಾನ್‌ಗೆ ಅದು ಹತ್ತಿರದ ನೆಂಟ, ಆದರೆ ಹೋಟೆಲ್ ಅಡುಗೆ. ನಾವು ಮಾಡಲಿರುವುದು ಮನೆಯ ಅಡುಗೆ.

ಬೇಕಾದ ಸಾಮಾನು

ನಾಲ್ಕರಿಂದ ಆರು ಜನರಿಗೆ, 30 ಸೆಂಟಿಮೀಟರ್ ಉದ್ದ, 20 ಸೆಂಟಿಮೀಟರ್ ಅಗಲ, 5 ಸೆಂಟಿಮೀಟರ್ ಆಳದ ಪಾತ್ರೆಗೆ ಈ ಅಳತೆ:

ತೆಳ್ಳನೆಯ ಉದ್ದ ನೇರಳೆ ಬದನೆ – 350 ಗ್ರಾಂ
ಹಸಿರು ಜುಕಿನಿ – 400 ಗ್ರಾಂ
ಗಟ್ಟಿ ಟೊಮೆಟೊ – 600 ಗ್ರಾಂ
ಈರುಳ್ಳಿ – 2 ದೊಡ್ಡವು, ಸುಮಾರು 250 ಗ್ರಾಂ
ಬೆಳ್ಳುಳ್ಳಿ – 5 ಎಸಳು
ಎಕ್ಸ್‌ಟ್ರಾ ವರ್ಜಿನ್ ಆಲಿವ್ ಎಣ್ಣೆ – 6 ದೊಡ್ಡ ಚಮಚ
ಥೈಮ್ – ಹಸಿಯಾದರೆ 7–8 ಕಡ್ಡಿ, ಒಣಗಿದ್ದಾದರೆ 1 ಚಿಕ್ಕ ಚಮಚ
ಉಪ್ಪು – ಸುಮಾರು 2 ಚಿಕ್ಕ ಚಮಚ
ಕಾಳುಮೆಣಸು – ಆಗಷ್ಟೇ ಪುಡಿ ಮಾಡಿದ್ದು, ಅರ್ಧ ಚಿಕ್ಕ ಚಮಚ

ತರಕಾರಿ ಆರಿಸುವಾಗ ರುಚಿಗಿಂತ ಮೊದಲು ಅಡ್ಡಳತೆ ನೋಡಿ. ಮೂರೂ 4–5 ಸೆಂಟಿಮೀಟರ್ ಆಸುಪಾಸಿನಲ್ಲಿದ್ದರೆ ಬಿಲ್ಲೆಗಳು ಸಮವಾಗಿ ನಿಲ್ಲುತ್ತವೆ ಮತ್ತು ಸಮವಾಗಿ ಬೇಯುತ್ತವೆ. ಅದಕ್ಕೇ ಉದ್ದ ಬದನೆ ಹೇಳಿದ್ದು. ಗುಂಡು ಬದನೆಯೇ ಸಿಕ್ಕರೆ ಉದ್ದಕ್ಕೆ ಸೀಳಿ ಅರ್ಧಚಂದ್ರಾಕಾರದಲ್ಲಿ ಹೆಚ್ಚಿಕೊಳ್ಳಿ. ಬೀಜ ಬಲಿತ ಬದನೆ ಬೇಡ. ಜುಕಿನಿ ಎಳೆಯದಾಗಿ, ಉಗುರು ಒತ್ತಿದರೆ ಸಿಪ್ಪೆ ಸುಲಭವಾಗಿ ಸೀಳುವಂತಿರಲಿ. ಮೊಳದುದ್ದ ಬೆಳೆದದ್ದರ ನಡುವೆ ಬೀಜದ ಹತ್ತಿಯೇ ಜಾಸ್ತಿ. ಜುಕಿನಿ ಸಿಗದ ಊರಿನಲ್ಲಿರುವವರು ತೆಳ್ಳನೆಯ ಎಳೆ ಸೋರೆಕಾಯಿಯನ್ನು ಸಿಪ್ಪೆ ತೆಗೆದು ಬಳಸಬಹುದು. ಸೌತೆಕಾಯಿ ಖಂಡಿತ ಬೇಡ.

ಟೊಮೆಟೊ ವಿಷಯದಲ್ಲಿ ನನ್ನ ಸಲಹೆ ಕೆಲವರಿಗೆ ಒಪ್ಪಿಗೆಯಾಗಲಿಕ್ಕಿಲ್ಲ. ನಮ್ಮ ಕಡೆ ಸಾರಿಗೆ ಹುಳಿಯಾದ, ರಸ ತುಂಬಿದ ನಾಟಿ ಟೊಮೆಟೊವನ್ನೇ ಹುಡುಕುತ್ತೇವೆ. ತಿಯಾನ್‌ಗೆ ಅದು ಹೊಂದುವುದಿಲ್ಲ. ಹೆಚ್ಚಿದ ಕೂಡಲೇ ಅದರ ರಸವೂ ಬೀಜವೂ ಹೊರಬಂದು, ಬಿಲ್ಲೆಯ ಬದಲು ಸಿಪ್ಪೆಯ ಬಳೆ ಉಳಿಯುತ್ತದೆ. ಮೊಟ್ಟೆಯಾಕಾರದ, ತಿರುಳು ಗಟ್ಟಿಯಾದ ಹೈಬ್ರಿಡ್ ಟೊಮೆಟೊ ಇಲ್ಲಿ ಸರಿ. ಹಣ್ಣಾಗಿರಬೇಕು, ಒತ್ತಿದರೆ ಕುಸಿಯಬಾರದು. ಪ್ರೊವಾನ್ಸ್‌ನಲ್ಲೂ ಈ ಅಡುಗೆಗೆ ಹಲವರು ಆರಿಸುವುದು ಉದ್ದನೆಯ, ತಿರುಳು ತುಂಬಿದ ಜಾತಿಯನ್ನೇ.

ಬದನೆಯ ವಿಚಾರ ಬಂದಾಗಲೆಲ್ಲ ನನಗೆ ಅದರ ಹೆಸರಿನ ಪಯಣ ನೆನಪಾಗುತ್ತದೆ. ಫ್ರೆಂಚರು ಅದನ್ನು ಓಬರ್ಜಿನ್ ಎನ್ನುತ್ತಾರೆ. ಆ ಮಾತು ಕೆಟಲಾನ್ ಭಾಷೆಯಿಂದ, ಅಲ್ಲಿಗೆ ಅರಬ್ಬಿಯ ಅಲ್-ಬಾದಿಂಜಾನ್‌ನಿಂದ, ಅದಕ್ಕೂ ಹಿಂದೆ ಪರ್ಷಿಯನ್‌ನ ಬಾದಿಂಗಾನ್‌ನಿಂದ, ಅದರಾಚೆಗೆ ಸಂಸ್ಕೃತದ ವಾತಿಂಗಣದಿಂದ ಬಂದದ್ದು. ಈ ಪಾತ್ರೆಯಲ್ಲಿರುವ ಟೊಮೆಟೊ ಮತ್ತು ಜುಕಿನಿಯ ಮೂಲ ಅಮೆರಿಕ ಖಂಡ. ಪ್ರೊವಾನ್ಸ್‌ನದೇ ಆದದ್ದು ಎಣ್ಣೆ, ಥೈಮ್ ಮತ್ತು ತಾಳ್ಮೆ.

ಎಣ್ಣೆಯಲ್ಲಿ ಕೈ ಹಿಡಿಯಬೇಡಿ. 6 ದೊಡ್ಡ ಚಮಚ ಎಂದರೆ 90 ಮಿಲಿಲೀಟರ್; ಆರು ಜನರಿಗೆ ಹಂಚಿದರೆ ತಲೆಗೆ ಒಂದು ಚಮಚ. ನೀರು ಹೋದ ಜಾಗಕ್ಕೆ ಬರುವುದು ಈ ಎಣ್ಣೆ, ಆದ್ದರಿಂದ ಇದರ ರುಚಿಯೇ ಅಡುಗೆಯ ರುಚಿ. ‘ಪೊಮೇಸ್’ ಎಂದು ಬರೆದ ಡಬ್ಬಿಯ ಎಣ್ಣೆ ಇದಕ್ಕೆ ಸಾಲದು, ಎಕ್ಸ್‌ಟ್ರಾ ವರ್ಜಿನ್ ಬೇಕು. ಓವನ್ ಕಾವಿಗೆ ಅದು ಸೀದು ಹೋಗುತ್ತದೆ ಎಂಬ ಭಯವಿದ್ದರೆ ಬಿಡಿ. ತರಕಾರಿಯಲ್ಲಿ ನೀರಿರುವಷ್ಟು ಹೊತ್ತು ಪಾತ್ರೆಯೊಳಗಿನ ಕಾವು 100 ಡಿಗ್ರಿಯ ಆಸುಪಾಸಿನಲ್ಲೇ ನಿಂತಿರುತ್ತದೆ.

ಥೈಮ್ ನಮ್ಮ ಓಮದ ಪರಿಮಳವನ್ನು ನೆನಪಿಸುತ್ತದೆ, ಎರಡರಲ್ಲೂ ಥೈಮಾಲ್ ಎಂಬ ಒಂದೇ ಸತ್ವವಿರುವುದೇ ಕಾರಣ. ಹಾಗೆಂದು ಥೈಮ್ ಬದಲು ಓಮ ಹಾಕಿದರೆ ಅದರ ಘಾಟು ಬೇರೆಲ್ಲವನ್ನೂ ಮುಚ್ಚಿಬಿಡುತ್ತದೆ. ದೊಡ್ಡ ಅಂಗಡಿಗಳಲ್ಲಿ ಸಣ್ಣ ಬಾಟಲಿಯಲ್ಲಿ ಸಿಗುವ ಒಣ ಥೈಮ್ ಸಾಕು, ನಾನು ಬೆಂಗಳೂರಿನಲ್ಲಿ ಅದನ್ನೇ ಬಳಸುತ್ತೇನೆ. ‘ಎರ್ಬ್ ದ ಪ್ರೊವಾನ್ಸ್’ ಎಂಬ ಮಿಶ್ರಣ ಸಿಕ್ಕರೆ ಅದೂ ಆಗುತ್ತದೆ, ಅದರಲ್ಲಿ ಥೈಮ್, ರೋಸ್‌ಮೇರಿ, ಓರೆಗಾನೊ, ಸೇವರಿ ಇರುತ್ತವೆ. ಸೇವರಿಗೆ ಪ್ರೊವಾನ್ಸ್ ಭಾಷೆಯಲ್ಲಿ ‘ಕತ್ತೆಯ ಮೆಣಸು’ ಎಂಬ ಅರ್ಥದ ಹೆಸರಿದೆ. ಲ್ಯಾವೆಂಡರ್ ಹೂ ಬೆರೆಸಿದ ಮಿಶ್ರಣ ಮಾತ್ರ ಬೇಡ, ಅಡುಗೆಗೆ ಸಾಬೂನಿನ ವಾಸನೆ ಬರುತ್ತದೆ. ಪಲಾವ್ ಎಲೆಯೂ ಬೇಡ. ಫ್ರೆಂಚರು ಬಳಸುವ ಬೇ ಎಲೆ ಬೇರೆ ಗಿಡದ್ದು, ನಮ್ಮ ಪಲಾವ್ ಎಲೆಗೆ ದಾಲ್ಚಿನ್ನಿಯ ಗುಣವಿದೆ.

ಪಾತ್ರೆ ಮೆರುಗಿನ ಮಣ್ಣಿನದಾದರೆ ಉತ್ತಮ. ಸೆರಾಮಿಕ್ ಅಥವಾ ಓವನ್‌ಗೆಂದೇ ಮಾಡಿದ ಗಾಜಿನದೂ ಆಗಬಹುದು. ಓಟಿಜಿ, ಅಂದರೆ ಮೇಜಿನ ಮೇಲಿಡುವ ಚಿಕ್ಕ ವಿದ್ಯುತ್ ಓವನ್, ಅದರ ಜೊತೆಗೆ ಬರುವ ಅಲ್ಯೂಮಿನಿಯಂ ತಟ್ಟೆಯಲ್ಲಿ ಮಾಡಬೇಡಿ. ಒಂದೂವರೆ ಗಂಟೆ ಟೊಮೆಟೊ ಹುಳಿಯೊಂದಿಗೆ ಕುದಿದರೆ ಲೋಹದ ರುಚಿ ಇಳಿಯುತ್ತದೆ.

ಮೊದಲ ಹೆಜ್ಜೆ: ಬದನೆಗೆ ಉಪ್ಪು

ಬದನೆಯನ್ನು ತೊಳೆದು, ತೊಟ್ಟು ತೆಗೆದು, ಸಿಪ್ಪೆ ಉಳಿಸಿ 3–4 ಮಿಲಿಮೀಟರ್ ದಪ್ಪದ ಬಿಲ್ಲೆಗಳಾಗಿ ಹೆಚ್ಚಿ. ಅಗಲ ತಟ್ಟೆಯಲ್ಲಿ ಹರಡಿ ಒಂದು ಚಿಕ್ಕ ಚಮಚ ಉಪ್ಪು ಸವರಿ ಅರ್ಧ ಗಂಟೆ ಬಿಡಿ. ಬಿಲ್ಲೆಗಳ ಮೇಲೆ ಬೆವರಿನಂತೆ ಹನಿ ಏಳುತ್ತದೆ. ಅದನ್ನು ಒಣ ಬಟ್ಟೆಯಿಂದ ಒತ್ತಿ ಒರೆಸಿ, ಹೆಚ್ಚಿನ ಉಪ್ಪೂ ಅದರೊಂದಿಗೇ ಹೋಗುತ್ತದೆ.

ನಮ್ಮ ಮನೆಗಳಲ್ಲಿ ಹೆಚ್ಚಿದ ಬದನೆಯನ್ನು ತಕ್ಷಣ ನೀರಿಗೆ ಹಾಕುವುದು ರೂಢಿ, ಇಲ್ಲದಿದ್ದರೆ ಕಪ್ಪಾಗುತ್ತದೆ. ಆ ಅಭ್ಯಾಸದ ಕೈ ಇಲ್ಲಿ ತಡೆಯಬೇಕು. ಬದನೆಯ ತಿರುಳು ಸ್ಪಂಜಿನಂಥದ್ದು, ಗಾಳಿಯ ಸಣ್ಣ ಸಣ್ಣ ಗೂಡುಗಳಿಂದ ತುಂಬಿದೆ. ನೀರಿಗೆ ಹಾಕಿದರೆ ಆ ಗೂಡುಗಳು ನೀರು ಕುಡಿಯುತ್ತವೆ, ನಾವು ಹೊರಗೆ ಕಳಿಸಬೇಕಾದ ನೀರಿಗೆ ಇನ್ನಷ್ಟು ಸೇರುತ್ತದೆ. ಉಪ್ಪು ಹಾಕಿದರೆ ಗೂಡುಗಳು ಕುಸಿದು ತಿರುಳು ಬಿಗಿಯಾಗುತ್ತದೆ, ಎಣ್ಣೆಯನ್ನೂ ಒಮ್ಮೆಲೇ ಹೀರಿಕೊಳ್ಳುವುದಿಲ್ಲ. ಬಣ್ಣ ಸ್ವಲ್ಪ ಕಂದಿದರೆ ಚಿಂತೆ ಬೇಡ, ಬೆಂದ ಮೇಲೆ ಅದು ಕಾಣುವುದೇ ಇಲ್ಲ. ಒರೆಸಿದ ಬಿಲ್ಲೆಗಳಿಗೆ ಒಂದು ದೊಡ್ಡ ಚಮಚ ಎಣ್ಣೆ ಹಾಕಿ ಕೈಯಿಂದ ಸವರಿಡಿ.

ಎರಡನೆಯ ಹೆಜ್ಜೆ: ಈರುಳ್ಳಿಯ ಹಾಸು

ಬದನೆ ಉಪ್ಪಿನಲ್ಲಿರುವಾಗಲೇ ಇದನ್ನು ಮುಗಿಸಿ. ಈರುಳ್ಳಿಯನ್ನು ತೆಳ್ಳಗೆ ಉದ್ದುದ್ದ ಸೀಳಿ. ದಪ್ಪ ತಳದ ಬಾಣಲೆಯಲ್ಲಿ 2 ದೊಡ್ಡ ಚಮಚ ಎಣ್ಣೆ ಹಾಕಿ, ಈರುಳ್ಳಿಯನ್ನೂ ಅರ್ಧ ಚಿಕ್ಕ ಚಮಚ ಉಪ್ಪನ್ನೂ ಸೇರಿಸಿ, ಸಣ್ಣ ಉರಿಯಲ್ಲಿ 20–25 ನಿಮಿಷ ಬಾಡಿಸಿ. ಪಲ್ಯಕ್ಕೋ ಗೊಜ್ಜಿಗೋ ಹುರಿಯುವಂತೆ ಉರಿ ಏರಿಸಿ ಕೆಂಪಗೆ ಮಾಡಬಾರದು. ಅದು ಗಾಜಿನಂತೆ ಪಾರದರ್ಶಕವಾಗಿ, ಬೆರಳಲ್ಲಿ ಹಿಡಿದರೆ ಕರಗುವಂತಾಗಿ, ಬಾಯಿಗೆ ಸಿಹಿಯಾಗಬೇಕು. ತಳ ಹಿಡಿಯುವಂತೆ ಕಂಡರೆ ಉರಿಯನ್ನೇ ಇನ್ನಷ್ಟು ಇಳಿಸಿ, ನೀರು ಚಿಮುಕಿಸಬೇಡಿ. ಕೊನೆಯ ಎರಡು ನಿಮಿಷದಲ್ಲಿ 2 ಎಸಳು ಬೆಳ್ಳುಳ್ಳಿಯ ಚೂರು ಮತ್ತು ಅರ್ಧದಷ್ಟು ಥೈಮ್ ಹಾಕಿ.

ಇದನ್ನು ಬಿಟ್ಟು ಬರಿಯ ತರಕಾರಿ ಜೋಡಿಸುವವರೂ ಇದ್ದಾರೆ. ನಾನು ಬಿಡುವುದಿಲ್ಲ. ಮೇಲಿನಿಂದ ಇಳಿಯುವ ಟೊಮೆಟೊ ರಸಕ್ಕೆ ತಳದಲ್ಲಿ ಒಂದು ಆಸರೆ ಬೇಕು. ಈ ಹಾಸು ರಸವನ್ನು ಹಿಡಿದುಕೊಂಡು, ಅದರ ನೀರು ಆವಿಯಾಗಿ ಹೋಗುವವರೆಗೆ ಇಟ್ಟುಕೊಂಡು, ಕೊನೆಗೆ ಜಾಮ್‌ನಂತೆ ಗಟ್ಟಿಯಾಗುತ್ತದೆ. ಊಟ ಮುಗಿಯುವಾಗ ಎಲ್ಲರ ಚಮಚವೂ ಹುಡುಕುವುದು ಈ ಪದರವನ್ನೇ.

ಮೂರನೆಯ ಹೆಜ್ಜೆ: ಹೆಚ್ಚುವುದು, ಜೋಡಿಸುವುದು

ಜುಕಿನಿಯನ್ನು 4 ಮಿಲಿಮೀಟರ್, ಟೊಮೆಟೊವನ್ನು 5–6 ಮಿಲಿಮೀಟರ್ ದಪ್ಪಕ್ಕೆ ಹೆಚ್ಚಿ. ಕಣ್ಣಳತೆಗೆ, ಮೂರು ಒಂದು ರೂಪಾಯಿ ನಾಣ್ಯಗಳನ್ನು ಒಂದರ ಮೇಲೊಂದು ಇಟ್ಟಷ್ಟು ಜುಕಿನಿ. ಬದನೆ ಅದಕ್ಕಿಂತ ತುಸು ತೆಳು, ಟೊಮೆಟೊ ತುಸು ದಪ್ಪ. ಎಲ್ಲವೂ ಒಂದೇ ದಪ್ಪ ಇರಬೇಕೆಂದು ಬಹಳ ಕಡೆ ಬರೆದಿರುತ್ತಾರೆ. ಆದರೆ ಟೊಮೆಟೊ ಹೆಚ್ಚು ಕುಗ್ಗುತ್ತದೆ, ಬದನೆ ನಿಧಾನವಾಗಿ ಬೇಯುತ್ತದೆ. ಈ ಸಣ್ಣ ವ್ಯತ್ಯಾಸ ಇಟ್ಟರೆ ಮೂರೂ ಒಂದೇ ಹೊತ್ತಿಗೆ ಹದಕ್ಕೆ ಬರುತ್ತವೆ. ಚಾಕು ಚೆನ್ನಾಗಿ ಹರಿತವಿರಲಿ, ಮೊಂಡು ಚಾಕುವಿಗೆ ಟೊಮೆಟೊ ಜಜ್ಜಿ ಹೋಗುತ್ತದೆ. ಟೊಮೆಟೊದ ಎರಡು ತುದಿಗಳ ಬಿಲ್ಲೆಗಳನ್ನು ಸಣ್ಣಗೆ ಕೊಚ್ಚಿ ಈರುಳ್ಳಿ ಹಾಸಿಗೆ ಸೇರಿಸಿಬಿಡಿ.

ಈಗ ಓವನ್ ಅನ್ನು 180 ಡಿಗ್ರಿ ಸೆಲ್ಸಿಯಸ್‌ಗೆ ಕಾಯಲು ಬಿಡಿ. ಓಟಿಜಿ ಆದರೆ ಮೇಲಿನ, ಕೆಳಗಿನ ಎರಡೂ ರಾಡ್‌ಗಳು ಉರಿಯಲಿ. ಫ್ಯಾನ್ ತಿರುಗುವ ಕನ್ವೆಕ್ಷನ್ ಓವನ್ ಆದರೆ 160 ಡಿಗ್ರಿ ಸಾಕು.

ಒಂದು ಬೆಳ್ಳುಳ್ಳಿ ಎಸಳನ್ನು ಅಡ್ಡಕ್ಕೆ ಕೊಯ್ದು, ಕೊಯ್ದ ಮುಖದಿಂದ ಪಾತ್ರೆಯ ಒಳಮೈಯನ್ನೆಲ್ಲ ಉಜ್ಜಿ. ಮೇಲೆ ಈರುಳ್ಳಿಯನ್ನು ಸಮನಾಗಿ ಹರಡಿ. ಇನ್ನು ಜೋಡಣೆ. ಕ್ರಮ ಹೀಗಿರಲಿ: ಟೊಮೆಟೊ, ಬದನೆ, ಜುಕಿನಿ, ಮತ್ತೆ ಟೊಮೆಟೊ, ಬದನೆ, ಜುಕಿನಿ. ಆಗ ಪ್ರತಿಯೊಂದು ಬದನೆ ಬಿಲ್ಲೆಯ ಎರಡೂ ಮುಖ ನೀರು ಬಿಡುವ ತರಕಾರಿಗೆ ಒತ್ತಿಕೊಂಡಿರುತ್ತದೆ. ಬದನೆಯ ಪಕ್ಕ ಬದನೆಯೇ ಬಂದರೆ ಆ ಎರಡರ ನಡುವೆ ಬೇಯದೆ ಚರ್ಮದಂತೆ ಬಿರುಸಾಗಿ ಉಳಿಯುತ್ತದೆ.

ಬಿಲ್ಲೆಗಳನ್ನು ಕೈಯಲ್ಲೇ ಹತ್ತು ಹನ್ನೆರಡು ಜೋಡಿಸಿಕೊಂಡು, ಆ ಕಟ್ಟನ್ನು ಪಾತ್ರೆಯ ಅಂಚಿಗೆ ಒರಗಿಸಿ ನಿಲ್ಲಿಸುತ್ತ ಹೋದರೆ ಕೆಲಸ ಬೇಗ ಆಗುತ್ತದೆ. ನೆಟ್ಟಗೆ ನಿಲ್ಲಿಸುವುದು ಬೇಡ, ತುಸು ಓರೆಯಾಗಿರಲಿ. ಒತ್ತೊತ್ತಾಗಿ ತುಂಬಿ. ಹಸಿಯಲ್ಲಿ ಇನ್ನೊಂದು ಬಿಲ್ಲೆಗೂ ಜಾಗವಿಲ್ಲ ಎನಿಸುವಷ್ಟು ತುಂಬಿದರೆ ಬೆಂದ ಮೇಲೆ ಸರಿಯಾಗಿರುತ್ತದೆ. ಸಡಿಲ ಬಿಟ್ಟರೆ ಎಲ್ಲವೂ ಮಲಗಿಬಿಡುತ್ತವೆ. ಎಣಿಕೆ ತಪ್ಪಿ ಕೊನೆಯಲ್ಲಿ ಒಂದೇ ತರಕಾರಿ ಉಳಿದರೆ ಸಾಲುಗಳ ನಡುವೆ ತುರುಕಿ, ರುಚಿಗೇನೂ ಊನವಿಲ್ಲ.

ಉಳಿದ ಬೆಳ್ಳುಳ್ಳಿಯನ್ನು ಸಣ್ಣಗೆ ಹೆಚ್ಚಿ ಬಿಲ್ಲೆಗಳ ಸಂದಿಗೆ ಇಳಿಸಿ. ಮೇಲೇ ಉಳಿದ ಬೆಳ್ಳುಳ್ಳಿ ಸೀದು ಕಹಿಯಾಗುತ್ತದೆ. ಥೈಮ್, ಮೆಣಸು, ಅರ್ಧ ಚಿಕ್ಕ ಚಮಚ ಉಪ್ಪು ಉದುರಿಸಿ, 3 ದೊಡ್ಡ ಚಮಚ ಎಣ್ಣೆಯನ್ನು ಎಲ್ಲ ಕಡೆಗೂ ಬೀಳುವಂತೆ ಎಳೆಯೆಳೆಯಾಗಿ ಸುರಿಯಿರಿ.

ನಾಲ್ಕನೆಯ ಹೆಜ್ಜೆ: ಎರಡು ಹಂತದ ಬೇಯುವಿಕೆ

ಪಾತ್ರೆಯ ಅಳತೆಗೆ ಕತ್ತರಿಸಿದ ಬೇಕಿಂಗ್ ಕಾಗದವನ್ನು ತರಕಾರಿಯ ಮೇಲೆಯೇ ತಾಗುವಂತೆ ಹೊದಿಸಿ, ಓವನ್‌ನ ನಡುವಿನ ಹಂತದಲ್ಲಿ 40 ನಿಮಿಷ ಇಡಿ. ಈ ಹೊತ್ತಿನಲ್ಲಿ ನೀರು ಹೊರಗೆ ಹೋಗಬಾರದು. ಟೊಮೆಟೊ, ಜುಕಿನಿ ಬಿಟ್ಟ ನೀರಿನ ಹಬೆಯಲ್ಲಿ ಬದನೆ ಬೇಯುವ ಸಮಯ ಇದು.

ಕಾಗದ ತೆಗೆದಾಗ ಕಾಣುವುದನ್ನು ನೋಡಿ ಹೆದರಬೇಡಿ. ಅರ್ಧ ಪಾತ್ರೆ ರಸ ತುಂಬಿರುತ್ತದೆ, ಬಣ್ಣ ಮಂಕಾಗಿರುತ್ತದೆ. ಆ ರಸವನ್ನು ಬಗ್ಗಿಸಿ ಚೆಲ್ಲಿದವರನ್ನು ನಾನು ಕಂಡಿದ್ದೇನೆ. ಟೊಮೆಟೊದ ಸಿಹಿ-ಹುಳಿ, ಥೈಮ್‌ನ ಪರಿಮಳ, ಉಪ್ಪು, ಎಲ್ಲವೂ ಅದರಲ್ಲೇ ಇದೆ. ಆವಿಯಾಗಬೇಕಾದದ್ದು ನೀರು ಮಾತ್ರ. ಚಾಕುವಿನ ತುದಿಯಿಂದ ಬದನೆಯನ್ನು ಚುಚ್ಚಿ ನೋಡಿ. ಬೆಣ್ಣೆಗೆ ಇಳಿದಂತೆ ಇಳಿದರೆ ಮುಂದುವರಿಯಿರಿ, ಇಲ್ಲದಿದ್ದರೆ ಮತ್ತೆ ಹೊದಿಸಿ ಹತ್ತು ನಿಮಿಷ ಬಿಡಿ. ಒಮ್ಮೆ ಕಾಗದ ತೆಗೆದ ಮೇಲೆ ಗಟ್ಟಿ ಉಳಿದ ಬದನೆ ಮತ್ತೆ ಮೆತ್ತಗಾಗುವುದು ಕಷ್ಟ.

ಇನ್ನು 50 ನಿಮಿಷ ಕಾಗದವಿಲ್ಲದೆ. ಹದಿನೈದು ನಿಮಿಷಕ್ಕೊಮ್ಮೆ ಪಾತ್ರೆಯನ್ನು ಹೊರಗೆಳೆದು, ಚಮಚದ ಹಿಂಬದಿಯಿಂದ ಬಿಲ್ಲೆಗಳನ್ನು ಮೆಲ್ಲಗೆ ಒತ್ತಿ, ಅಂಚಿಗೆ ಬಂದ ರಸವನ್ನು ಎತ್ತಿ ಅವುಗಳ ಮೇಲೆಯೇ ಸುರಿಯಿರಿ. ಚಿಕ್ಕ ಓಟಿಜಿಗಳಲ್ಲಿ ಒಂದು ಬದಿಗೆ ಕಾವು ಜಾಸ್ತಿ ತಾಗುತ್ತದೆ, ಅರ್ಧದಲ್ಲಿ ಪಾತ್ರೆಯನ್ನು ತಿರುಗಿಸಿಡಿ.

ಹದ ಬಂದದ್ದು ಗೊತ್ತಾಗುವುದು ಕಿವಿಯಿಂದ. ಮೊದಲಿಗೆ ಅಂಚಿನಲ್ಲಿ ದೊಡ್ಡ ಗುಳ್ಳೆಗಳೆದ್ದು ಕೊತಕೊತ ಸದ್ದು ಕೇಳುತ್ತದೆ, ಸಾರು ಕುದಿಯುವಾಗಿನಂತೆ. ಅದು ನೀರಿನ ಸದ್ದು. ಒಟ್ಟು ಸಮಯ 75 ನಿಮಿಷ ದಾಟುವ ಹೊತ್ತಿಗೆ ಗುಳ್ಳೆಗಳು ಸಾಸಿವೆಯಷ್ಟು ಸಣ್ಣದಾಗಿ, ಒತ್ತಾಗಿ, ಸದ್ದು ಸಣ್ಣಗೆ ಚುರುಚುರು ಎನ್ನತೊಡಗುತ್ತದೆ. ಅದು ಎಣ್ಣೆಯ ಸದ್ದು. ಆಗ ಪಾತ್ರೆಯ ಮೂಲೆಯಲ್ಲಿ ಚಮಚ ಇಟ್ಟು ತರಕಾರಿಯನ್ನು ಪಕ್ಕಕ್ಕೆ ಸರಿಸಿ ನೋಡಿ. ತಳದಲ್ಲಿ ಪಾಕದಂತೆ ಮಂದವಾದ, ಚಮಚಕ್ಕೆ ಅಂಟುವ ಕೆಂಪು ರಸ ಕಂಡರೆ ಆಯಿತು. ಮೇಲಿನ ಅಂಚುಗಳು ಕಂದು ಬಣ್ಣಕ್ಕೆ ತಿರುಗಿ, ಅಲ್ಲಲ್ಲಿ ಕಪ್ಪು ಗೆರೆ ಮೂಡಿರುತ್ತದೆ. ನೀರು ಹೋಗುವ ತನಕ ಈ ಕಂದು ಬಣ್ಣ ಬರಲಾರದು, ಒದ್ದೆಯಾದ ಮೇಲ್ಮೈ 100 ಡಿಗ್ರಿ ದಾಟುವುದಿಲ್ಲ. ಬಣ್ಣಕ್ಕೆಂದು ಮೊದಲೇ ಕಾವು ಏರಿಸಿದರೆ ಮೇಲಿನ ಅಂಚು ಸೀದು, ಒಳಗೆ ನೀರು ಹಾಗೆಯೇ ಉಳಿಯುತ್ತದೆ.

90 ನಿಮಿಷವಾದರೂ ನೀರು ಕಾಣುತ್ತಿದ್ದರೆ ಇನ್ನೂ 15 ನಿಮಿಷ ಧಾರಾಳವಾಗಿ ಕೊಡಿ. ಪಾತ್ರೆ ಆಳವಾಗಿದ್ದರೆ, ಟೊಮೆಟೊ ರಸಭರಿತವಾಗಿದ್ದರೆ ಹೀಗಾಗುತ್ತದೆ. ನೀರು ಇಂಗುವ ಮೊದಲೇ ಮೇಲೆ ಕಪ್ಪಾಗತೊಡಗಿದರೆ ಕಾವನ್ನು 160ಕ್ಕೆ ಇಳಿಸಿ ಪಾತ್ರೆಯನ್ನು ಒಂದು ಹಂತ ಕೆಳಗಿಡಿ.

ಮೇಲೆ ಚೀಸ್ ಹಾಕಬಹುದೇ ಎಂದು ಬಹಳ ಮಂದಿ ಕೇಳುತ್ತಾರೆ. ಫ್ರಾನ್ಸ್‌ನಲ್ಲೂ ಹಾಕುವವರಿದ್ದಾರೆ. ನಾನು ಹಾಕುವುದಿಲ್ಲ. ಚೀಸ್ ಕರಗಿ ಮುಚ್ಚಳದಂತೆ ಕೂತರೆ ಆವಿ ಹೋಗಲು ದಾರಿಯಿರುವುದಿಲ್ಲ, ಎಣ್ಣೆ ಮತ್ತು ಥೈಮ್‌ನ ಪರಿಮಳವೂ ಅದರಡಿ ಅಡಗುತ್ತದೆ. ಗರಿಗರಿ ಬೇಕೆನಿಸಿದರೆ ಒಣ ಬ್ರೆಡ್ ಪುಡಿಯನ್ನು ಒಂದು ಚಮಚ ಎಣ್ಣೆಯಲ್ಲಿ ಕಲಸಿ, ಕೊನೆಯ 15 ನಿಮಿಷದಲ್ಲಿ ಉದುರಿಸಿ.

ಓವನ್ ಇಲ್ಲದವರಿಗೆ

ಬರಿಯ ಮೈಕ್ರೋವೇವ್ ಇದಕ್ಕೆ ಒಗ್ಗುವುದಿಲ್ಲ. ಅದರಲ್ಲಿ ತರಕಾರಿ ಬೇಯುತ್ತದೆ, ಮೇಲ್ಮೈ ಒಣಗಿ ಕಂದಾಗುವುದಿಲ್ಲ. ಅಗಲವಾದ, ದಪ್ಪ ತಳದ ಬಾಣಲೆಯಲ್ಲಿ ಇದೇ ಕ್ರಮದಲ್ಲಿ ಜೋಡಿಸಿ, ದೋಸೆ ಕಾವಲಿಯ ಮೇಲಿಟ್ಟು ಸಣ್ಣ ಉರಿಯಲ್ಲಿ ಮುಚ್ಚಿ 35 ನಿಮಿಷ, ಮುಚ್ಚಳ ತೆಗೆದು ಇನ್ನೊಂದು 35 ನಿಮಿಷ ಬೇಯಿಸಿದರೆ ರುಚಿಯ ಬಹುಪಾಲು ಸಿಗುತ್ತದೆ. ಕಂದು ಅಂಚು ಮಾತ್ರ ಬರುವುದಿಲ್ಲ.

ಆರಿದ ಮೇಲೆ ಬಡಿಸಿ

ಓವನ್‌ನಿಂದ ತೆಗೆದ ಪಾತ್ರೆಯನ್ನು ಮರದ ಹಲಗೆಯ ಮೇಲೋ ಮಡಿಸಿದ ದಪ್ಪ ಬಟ್ಟೆಯ ಮೇಲೋ ಇಡಿ. ಗಾಜಿನ ಪಾತ್ರೆಯನ್ನು ಒದ್ದೆಯಾದ ಗ್ರಾನೈಟ್ ಕಟ್ಟೆಯ ಮೇಲಿಟ್ಟರೆ ಒಡೆದೀತು. ಅಲ್ಲಿಯೇ ಅರ್ಧ ಗಂಟೆ ಬಿಡಿ. ಆರುತ್ತ ಹೋದಂತೆ ತಳದ ಮಂದ ರಸವನ್ನು ತರಕಾರಿ ಮತ್ತೆ ಒಳಗೆಳೆದುಕೊಳ್ಳುತ್ತದೆ. ಬಿಸಿಬಿಸಿ ಬಡಿಸುವುದು ನಮ್ಮ ಪ್ರೀತಿಯ ಕ್ರಮವಾದರೂ ತಿಯಾನ್ ಉಗುರುಬೆಚ್ಚಗಿರುವಾಗಲೇ ಬಾಯಿಗೆ ಹಿತ. ಆಗಲೇ ಟೊಮೆಟೊದ ಸಿಹಿಯೂ ಎಣ್ಣೆಯ ತುಸು ಒಗರೂ ಬೇರೆ ಬೇರೆಯಾಗಿ ತಿಳಿಯುವುದು. ಬಡಿಸುವ ಮುನ್ನ ರುಚಿ ನೋಡಿ ಉಪ್ಪು ಸರಿಮಾಡಿ, ತುಳಸಿಯ ಬಳಗದ ಬೇಸಿಲ್ ಎಲೆ ಸಿಕ್ಕರೆ ಕೈಯಲ್ಲೇ ಹರಿದು ಹಾಕಿ.

ಪ್ರೊವಾನ್ಸ್‌ನಲ್ಲಿ ಇದನ್ನು ಸುಟ್ಟ ಕುರಿಮಾಂಸ ಅಥವಾ ಮೀನಿನ ಪಕ್ಕ ಬಡಿಸುತ್ತಾರೆ. ಸಸ್ಯಾಹಾರಿಗಳಿಗೆ ಗಟ್ಟಿ ಹೊರಪದರದ ಬ್ರೆಡ್ ಸಾಕು. ಅನ್ನದೊಂದಿಗೂ ಒಗ್ಗುತ್ತದೆ. ರೋನ್ ನದಿ ಕಡಲು ಸೇರುವ ಕಾಮಾರ್ಗ್ ಬಯಲಿನಲ್ಲಿ ಭತ್ತ ಬೆಳೆಯುತ್ತಾರೆ, ಹಾಗಾಗಿ ಆ ಸೀಮೆಯವರಿಗೂ ಅನ್ನ ಹೊಸದಲ್ಲ. ನಮ್ಮ ಮನೆಯಲ್ಲಿ ಚಪಾತಿಗೆ ನೆಂಚಿಕೊಳ್ಳುತ್ತೇವೆ.

ಹೆಚ್ಚು ಮಾಡಿ ಉಳಿಸಿಕೊಳ್ಳುವುದು ಲೇಸು. ಮುಚ್ಚಿ ಫ್ರಿಜ್‌ನಲ್ಲಿಟ್ಟರೆ ಮೂರು ದಿನ ಇರುತ್ತದೆ, ಎರಡನೆಯ ದಿನ ರುಚಿ ಇನ್ನೂ ಚೆನ್ನ. ತಿನ್ನುವ ಒಂದು ಗಂಟೆ ಮೊದಲು ಹೊರಗೆ ತೆಗೆದಿಡಿ, ತಣ್ಣಗಿದ್ದರೆ ಆಲಿವ್ ಎಣ್ಣೆ ಹೆಪ್ಪುಗಟ್ಟಿರುತ್ತದೆ. ಕೊನೆಯಲ್ಲಿ ಪಾತ್ರೆಯ ಮೂಲೆಯಲ್ಲಿ ಅಂಟಿಕೊಂಡ ಈರುಳ್ಳಿಯನ್ನು ಕೆಳಗಿನ ಮನೆಯ ಆ ಹಿರಿಯಾಕೆ ಬ್ರೆಡ್ಡಿನ ಒಣ ತುಂಡಿನಿಂದ ಕೆರೆದು, ಒಂದು ಹನಿ ಎಣ್ಣೆಯೂ ಉಳಿಯದಂತೆ ಒರೆಸಿ ತಿನ್ನುತ್ತಿದ್ದರು. ನಾನೂ ಹಾಗೆಯೇ ಮಾಡುತ್ತೇನೆ.